ಬೇಗ ಹುಡುಕಿ, ನಿಧಾನ ಓದಿ

(ಗ್ರಂಥಾಲಯ ಸಪ್ತಾಹದಲ್ಲಿ ನಮ್ಮೂರಿನ ಶಾಖಾ ಗ್ರಂಥಾಲಯದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಒಂದಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓದು, ಬರವಣಿಗೆ, ಮೊಬೈಲು, ಈ ಮೂರರ ಬಗ್ಗೆ ನಿಮ್ಮ ಅನುಭವ ಹೇಳಿ ಅಂತ ಗ್ರಂಥಪಾಲಕರು ಕೇಳಿದರು. ಈ ವಿಷಯ ಬಂದಾಗಲೆಲ್ಲ ಎರಡು ಥರದ ಮಾತು ಕಿವಿಗೆ ಬೀಳುತ್ತದೆ. ಮೊಬೈಲು ಬಂದ ಮೇಲೆ ಓದು ಕೆಟ್ಟಿತು ಅಂತ ಕೆಲವರು. ಎಲ್ಲ ಪುಸ್ತಕವೂ ಈಗ ಅಂಗೈಯಲ್ಲೇ ಇದೆಯಲ್ಲ, ಇನ್ನೇನು ಬೇಕು ಅಂತ ಇನ್ನು ಕೆಲವರು. ನನಗೆ ಎರಡೂ ಮಾತು ಅರ್ಧಕ್ಕೇ ನಿಂತ ಹಾಗೆ ಕಾಣುತ್ತದೆ. ಯಾಕೆ ಅಂತ ಹೇಳಲು ರಂಗನಾಥನ್ ಅವರಿಂದ ಶುರು ಮಾಡುತ್ತೇನೆ.

ಎಸ್.ಆರ್. ರಂಗನಾಥನ್ ಮದ್ರಾಸಿನಲ್ಲಿ ಗಣಿತ ಪಾಠ ಮಾಡುತ್ತಿದ್ದವರು. 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆಮೇಲೆ ಇಡೀ ಜೀವನ ಗ್ರಂಥಾಲಯಕ್ಕೇ ಕೊಟ್ಟರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರ ಕಟ್ಟಿದರು. ಅದಕ್ಕೂ ಬಹಳ ಮೊದಲು, 1931ರಲ್ಲಿ, ಗ್ರಂಥಾಲಯ ಹೇಗಿರಬೇಕು ಅಂತ ಐದು ಸೂತ್ರ ಬರೆದಿದ್ದರು. ಪುಸ್ತಕ ಇರುವುದು ಬಳಸಲಿಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಹೀಗೆ ಹೋಗುತ್ತವೆ. ನನ್ನ ತಲೆಯಲ್ಲಿ ಕೂತಿರುವುದು ನಾಲ್ಕನೆಯದು. ಓದುಗರ ಸಮಯ ಉಳಿಸಿ ಅನ್ನುತ್ತದೆ ಅದು.

ಯಾವ ಸಮಯ? ಆಗಿನ ಎಷ್ಟೋ ಗ್ರಂಥಾಲಯಗಳಲ್ಲಿ ಕಪಾಟಿನ ಹತ್ತಿರ ಓದುಗರನ್ನು ಬಿಡುತ್ತಿರಲಿಲ್ಲ. ಚೀಟಿಯಲ್ಲಿ ಪುಸ್ತಕದ ಹೆಸರು ಬರೆದುಕೊಟ್ಟು ಕಾಯಬೇಕಿತ್ತು. ಒಳಗಿದ್ದವರು ಹುಡುಕಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಕಾಯುವ ಹೊತ್ತು, ಹುಡುಕುವ ಹೊತ್ತು ಉಳಿಯಲಿ ಅಂತ ಅವರು ಹೇಳಿದ್ದು. ಅದಕ್ಕೇ ಕಪಾಟು ತೆರೆದಿಡಿ ಅಂದರು, ವರ್ಗೀಕರಣ ಮಾಡಿದರು, ಪಟ್ಟಿ ಸರಿಯಾಗಿರಲಿ ಅಂದರು. ಪುಸ್ತಕ ಕೈಗೆ ಬಂದ ಮೇಲೆ ಅದನ್ನು ಬೇಗ ಮುಗಿಸಿ ಎದ್ದು ಹೋಗಿ ಅನ್ನುವ ಅರ್ಥ ಅದರಲ್ಲಿ ಇಲ್ಲ.

ಇವತ್ತಿನ ನಮ್ಮ ತೊಂದರೆ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಹುಡುಕುವ ಹೊತ್ತು, ಓದುವ ಹೊತ್ತು, ಎರಡನ್ನೂ ನಾವು ಒಂದೇ ಲೆಕ್ಕಕ್ಕೆ ಹಿಡಿದಿದ್ದೇವೆ. ಮೊದಲನೆಯದು ಕಡಿಮೆಯಾದಷ್ಟೂ ಲಾಭ. ಎರಡನೆಯದು ಕಡಿಮೆಯಾದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಹೇಳಿ?

ಇನ್ನೊಂದು ಸಂಗತಿ ಇದೆ. ನನಗೆ ಅದು ಇದಕ್ಕಿಂತ ದೊಡ್ಡದು. ನಾವು ಇವತ್ತು ಏನನ್ನಾದರೂ ಬೇಗ ಹುಡುಕಲು ಆಗುತ್ತಿದ್ದರೆ, ಯಾರೋ ಎಂದೋ ಅದನ್ನು ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದ್ದಾರೆ ಅಂತಲೇ ಅರ್ಥ. ಇದಕ್ಕೆ ವಚನಗಳಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

'ವಚನ ಸಂಚಯ' ಅಂತ ಒಂದು ಜಾಲತಾಣ ಇದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. 20 ಸಾವಿರಕ್ಕೂ ಹೆಚ್ಚು ವಚನಗಳು ಅಲ್ಲಿವೆ. ಒಂದು ಪದ ಕೊಟ್ಟರೆ ಸಾಕು, ಆ ಪದ ಯಾವ ಯಾವ ವಚನದಲ್ಲಿ ಬಂದಿದೆ, ಯಾರು ಎಷ್ಟು ಸಲ ಬಳಸಿದ್ದಾರೆ ಅಂತ ತೋರಿಸುತ್ತದೆ. 'ಬಯಲು' ಅಂತ ಹಾಕಿ ನೋಡಿ. ಅಲ್ಲಮನದು ಬರುತ್ತದೆ, ಅಕ್ಕನದು ಬರುತ್ತದೆ, ನಾವು ಹೆಸರೇ ಕೇಳಿರದ ಶರಣರದೂ ಬರುತ್ತದೆ. ಹಿಂದೆ ಈ ಕೆಲಸಕ್ಕೆ ಒಬ್ಬ ಸಂಶೋಧಕ ತಿಂಗಳುಗಟ್ಟಲೆ ಕೂರಬೇಕಿತ್ತು.

ಆ ಹುಡುಕು ಪೆಟ್ಟಿಗೆಯ ಹಿಂದೆ ಏನಿದೆ ನೋಡಿ. ವಿಜಯಪುರದಲ್ಲಿ ಫ.ಗು. ಹಳಕಟ್ಟಿ ಅಂತ ಒಬ್ಬ ವಕೀಲರಿದ್ದರು. ಕೋರ್ಟಿನ ಕೆಲಸದ ಜೊತೆಗೆ ಮನೆ ಮನೆ, ಮಠ ಮಠ ಅಲೆದು ತಾಳೆಗರಿಯ ಕಟ್ಟು ಕೂಡಿಸಿದರು. ಕೆಲವು ಮನೆಗಳಲ್ಲಿ ಆ ಕಟ್ಟುಗಳಿಗೆ ಪೂಜೆ ನಡೆಯುತ್ತಿತ್ತು, ಬಿಚ್ಚಿ ಓದುವವರು ಇರಲಿಲ್ಲ. ಹಳಕಟ್ಟಿಯವರು ಓದಿದರು. ತಾಳೆಗರಿಯಲ್ಲಿ ಪದದಿಂದ ಪದಕ್ಕೆ ಜಾಗ ಬಿಟ್ಟಿರುವುದಿಲ್ಲ. ಎಲ್ಲಿ ಒಂದು ಪದ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಅಂತ ಓದುವವರೇ ಬಿಡಿಸಿಕೊಳ್ಳಬೇಕು. ಹಾಗೆ ಬಿಡಿಸಿ, ಪ್ರತಿ ಮಾಡಿ, 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಗ್ರಹ ಅಚ್ಚು ಮಾಡಿಸಿದರು. ಆಮೇಲೆ ಮನೆ ಮಾರಿ ಸ್ವಂತ ಮುದ್ರಣಾಲಯ ಹಾಕಿದರು. ಅವರ ನಂತರ ಎಷ್ಟೋ ವಿದ್ವಾಂಸರು ಅದೇ ದಾರಿಯಲ್ಲಿ ಕೆಲಸ ಮಾಡಿದರು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ತಂದಿತು. ಇಷ್ಟೆಲ್ಲ ಆದ ಮೇಲೆ ನಮ್ಮ ಮೊಬೈಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಆ ಒಂದು ಕ್ಷಣಕ್ಕೆ ಎಷ್ಟೋ ಜನರ ಕಣ್ಣು ಸವೆದಿದೆ ಅಂತ ನೆನೆದರೆ ನನಗೆ ಮೈ ಜುಮ್ ಅನ್ನುತ್ತದೆ.

ನಿಘಂಟಿನ ಕತೆಯೂ ಹಾಗೇ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದು ನಿಮಗೆಲ್ಲ ಗೊತ್ತು. ಈಗಿನ ಕಾಲದಲ್ಲೇ ನಡೆದ ಇನ್ನೊಂದು ಕೆಲಸ ಅಷ್ಟು ಜನಕ್ಕೆ ಗೊತ್ತಿಲ್ಲ. ವಿ. ಕೃಷ್ಣ ಅನ್ನುವವರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಲ್ಲಿ ಅದು 'ಅಲರ್' ಅನ್ನುವ ಹೆಸರಲ್ಲಿ ಜಾಲತಾಣವಾಗಿ ಬಂತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಓದುವಾಗ ಗೊತ್ತಿಲ್ಲದ ಪದ ಬಂದರೆ ನಾನು ಈಗ ಮೊದಲು ತೆರೆಯುವುದು ಅದನ್ನೇ. ಸೃಜನಶೀಲತೆ, ಅಭ್ಯಾಸ ಅಂತ ನಾವು ದೊಡ್ಡ ದೊಡ್ಡ ಮಾತಾಡುತ್ತೇವೆ. ದಿನಾ ಕೂರುವುದು, ಇವತ್ತಿನ ಪಾಲು ಇವತ್ತು ಮುಗಿಸುವುದು, ಹೊಗಳಿಕೆಗೆ ಕಾಯದೆ ನಾಳೆ ಮತ್ತೆ ಕೂರುವುದು. ಅಭ್ಯಾಸ ಅಂದರೆ ಇದು ಅಂತ ತೋರಿಸಲು ನನಗೆ ಇವರಿಗಿಂತ ಒಳ್ಳೆಯ ಹೆಸರು ಸಿಕ್ಕಿಲ್ಲ.

ಈಗ ನಮ್ಮ ಕೈಯಲ್ಲೇ ಆಗುವ ಕೆಲಸಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇವತ್ತು ನಿಮಗೆ ಹೇಳಲೇಬೇಕು ಅಂತ ಬಂದಿರುವುದು ಇದು.

ಹಳೆಯ ಕನ್ನಡ ಪುಸ್ತಕಗಳು ಈಗ ಅಂತರಜಾಲದಲ್ಲಿ ರಾಶಿ ರಾಶಿ ಸಿಗುತ್ತವೆ. ಬಹಳಷ್ಟು ಪುಟಗಳ ಸ್ಕ್ಯಾನ್, ಅಂದರೆ ಫೋಟೋ. ಫೋಟೋದಲ್ಲಿ ಅಕ್ಷರ ನಮಗೆ ಕಾಣುತ್ತದೆ, ಯಂತ್ರಕ್ಕೆ ಅದು ಸುಮ್ನೆ ಒಂದು ಚಿತ್ರ. ಅದರೊಳಗೆ ಪದ ಹುಡುಕಲು ಆಗುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮನಿಗೆ ಕಣ್ಣಿನ ಪೊರೆ. ಅಂಥ ಸ್ಕ್ಯಾನ್ ಪುಸ್ತಕ ತೆರೆದುಕೊಟ್ಟರೆ ಎರಡು ಬೆರಳಲ್ಲಿ ಹಿಗ್ಗಿಸುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ಸಾಲು ಪರದೆಯಿಂದ ಆಚೆ ಓಡುತ್ತದೆ. ಎಡಕ್ಕೆ ಎಳೆಯಬೇಕು, ಬಲಕ್ಕೆ ಎಳೆಯಬೇಕು, ಅಷ್ಟರಲ್ಲಿ ಎಲ್ಲಿದ್ದೆ ಅನ್ನುವುದೇ ತಪ್ಪಿಹೋಗುತ್ತದೆ. ಅದೇ ಪುಸ್ತಕ ನಿಜವಾದ ಅಕ್ಷರಗಳಲ್ಲಿ ಇದ್ದರೆ ಸಾಲುಗಳು ತಾವಾಗಿಯೇ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಅಮ್ಮ ಅಕ್ಷರವನ್ನು ಬೇಕಾದಷ್ಟು ದಪ್ಪ ಮಾಡಿಕೊಂಡು ಕೂತು ಓದುತ್ತಾರೆ. ವಯಸ್ಸಾದವರ ಓದಿಗೆ ಮೊಬೈಲು ಕೊಟ್ಟಿರುವ ದೊಡ್ಡ ಉಪಕಾರ ಇದು. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ.

ಚಿತ್ರವನ್ನು ಅಕ್ಷರ ಮಾಡುವ ತಂತ್ರಾಂಶ ಇದೆ. ಒಸಿಆರ್ ಅನ್ನುತ್ತಾರೆ. ಈಗ ಕನ್ನಡವನ್ನೂ ತಕ್ಕಮಟ್ಟಿಗೆ ಓದುತ್ತದೆ. ಆದರೆ ಹಳೆಯ ಅಚ್ಚಿನ ಮುಂದೆ ತಡವರಿಸುತ್ತದೆ. ಅಚ್ಚಿನ ಮೊಳೆ ಸವೆದಿರುತ್ತದೆ, ಮಸಿ ಹರಡಿರುತ್ತದೆ, ಕಾಗದ ಕಂದಿರುತ್ತದೆ. 'ಮ' ಇದ್ದ ಕಡೆ 'ವು' ಬರುತ್ತದೆ. 'ಥ' ಇದ್ದ ಕಡೆ 'ಧ' ಬರುತ್ತದೆ. ಅರ್ಕಾವೊತ್ತು ಇದೆಯಲ್ಲ, ಅದು ನೋಡಲು ಕನ್ನಡದ ಒಂಬತ್ತರ ಹಾಗೇ ಇರುತ್ತದೆ. ಹಾಗಾಗಿ 'ಸೂರ್ಯ' ಅನ್ನುವುದು ಕೆಲವು ಸಲ 'ಸೂಯ೯' ಆಗುತ್ತದೆ. ಇವೆಲ್ಲಕ್ಕಿಂತ ಕಷ್ಟದ್ದು ಸೊನ್ನೆ. 'ಕಂಬ' ಅನ್ನುವಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಬಂದು ಕೂತರೆ ನಮ್ಮ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಪುಟ ಚೆನ್ನಾಗಿಯೇ ಕಾಣುತ್ತದೆ. ಆದರೆ ನಾಳೆ ಯಾರೋ 'ಕಂಬ' ಅಂತ ಹುಡುಕಿದರೆ ಆ ಪುಟ ಸಿಗುವುದೇ ಇಲ್ಲ.

ಹೀಗಾಗಿ ಮನುಷ್ಯರು ಕೂತು ತಿದ್ದಬೇಕು. ಕನ್ನಡ ವಿಕಿಸೋರ್ಸ್ ಅನ್ನುವ ಉಚಿತ ಅಂತರಜಾಲ ಗ್ರಂಥಾಲಯದಲ್ಲಿ ಈ ಕೆಲಸ ನಡೆಯುತ್ತದೆ. ಪರದೆಯ ಒಂದು ಕಡೆ ಹಳೆಯ ಪುಟದ ಚಿತ್ರ, ಇನ್ನೊಂದು ಕಡೆ ಯಂತ್ರ ಓದಿದ ಅಕ್ಷರ. ನಾವು ಎರಡನ್ನೂ ನೋಡುತ್ತಾ ಸಾಲು ಸಾಲು ತಿದ್ದುತ್ತಾ ಹೋಗುತ್ತೇವೆ. ಯಾರೂ ತಿದ್ದದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಬೇರೊಬ್ಬರು ಮತ್ತೆ ನೋಡಿ ಸರಿ ಅಂದರೆ ಹಸಿರು. ನಾನು ತಿದ್ದಿದ ಪುಟವನ್ನು ನಾನೇ ಹಸಿರು ಮಾಡುವ ಹಾಗಿಲ್ಲ. ಎರಡನೆಯ ಜೋಡಿ ಕಣ್ಣು ಬೇಕೇ ಬೇಕು. ಈ ನಿಯಮ ನನಗೆ ತುಂಬಾ ಇಷ್ಟ.

ಅಕ್ಕಿ ಆರಿಸುವಾಗ ಮೊರದಲ್ಲಿ ಪ್ರತಿ ಕಾಳೂ ಕಣ್ಣಿಗೆ ಬೀಳುತ್ತದಲ್ಲ, ಹಾಗೆ ಇಲ್ಲಿ ಪ್ರತಿ ಅಕ್ಷರವೂ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ ಓದುವಾಗ ನಾವು ಅರ್ಧ ಪದ ನೋಡಿ ಉಳಿದದ್ದನ್ನು ಊಹಿಸಿಕೊಂಡು ಮುಂದೆ ಹೋಗುತ್ತೇವೆ. ತಿದ್ದುವಾಗ ಊಹೆ ನಡೆಯುವುದಿಲ್ಲ. ಲೇಖಕ ಅಲ್ಪವಿರಾಮ ಎಲ್ಲಿ ಹಾಕಿದ, ಒಂದೇ ಪದವನ್ನು ಹತ್ತು ಸಾಲಿನೊಳಗೆ ಎರಡು ರೀತಿ ಯಾಕೆ ಬರೆದ, ವಾಕ್ಯವನ್ನು ಎಲ್ಲಿ ತಿರುಗಿಸಿದ, ಎಲ್ಲ ಕಾಣುತ್ತದೆ. ಬರವಣಿಗೆ ಕಲಿಯಬೇಕು ಅನ್ನುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ, ಏನು ಮಾಡಬೇಕು ಅಂತ. ಪಂಜೆಯವರ ಗದ್ಯ ನಾಲ್ಕು ಪುಟ ತಿದ್ದಿ ಬನ್ನಿ, ಆಮೇಲೆ ಮಾತಾಡೋಣ ಅನ್ನುತ್ತೇನೆ. ವಾಕ್ಯ ಹೇಗೆ ನಿಲ್ಲುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಬರವಣಿಗೆಯ ಶಿಬಿರಕ್ಕೆ ದುಡ್ಡು ಕೊಟ್ಟು ಹೋಗಬೇಕಾಗಿಲ್ಲ.

ಬೆರಳು ಅಂದೆ. ಆ ಬೆರಳಿಗೆ ದಾರಿ ಮಾಡಿಕೊಟ್ಟವರೊಬ್ಬರನ್ನು ನೆನೆಯಲೇಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಕೆ.ಪಿ. ರಾವ್. ಬೆರಳಚ್ಚು ಯಂತ್ರದ ಕಾಲದಲ್ಲಿ ಕನ್ನಡ ಅಕ್ಷರವನ್ನು ತುಂಡು ತುಂಡಾಗಿ ಹೊಡೆಯಬೇಕಿತ್ತು. ಅಕ್ಷರಕ್ಕೆ ಒಂದು ಕೀ, ದೀರ್ಘಕ್ಕೆ ಒಂದು ಕೀ, ಕೆಳಗಿನ ಒತ್ತಿಗೆ ಇನ್ನೊಂದು. ರಾವ್ ಅವರು ಬೇರೆ ಥರ ಯೋಚಿಸಿದರು. ನಾವು ಕಾಗುಣಿತ ಹೇಗೆ ಹೇಳುತ್ತೇವೋ ಹಾಗೇ ಒತ್ತಿದರೆ ಸಾಕು, ಆಕಾರ ಕಟ್ಟುವ ಕೆಲಸ ಕಂಪ್ಯೂಟರಿನದು. ವ್ಯಂಜನ ಒತ್ತಿ, ಸ್ವರ ಒತ್ತಿ. ಒತ್ತಕ್ಷರ ಬೇಕಿದ್ದರೆ ನಡುವೆ 'ಎಫ್' ಕೀ ಒತ್ತಿ. ಅಷ್ಟೇ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಅಂತ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಸರ್ಕಾರ ಇದೇ ವಿನ್ಯಾಸವನ್ನು ಒಪ್ಪಿಕೊಂಡಿತು. 'ನುಡಿ' ತಂತ್ರಾಂಶದಲ್ಲಿ ನಾವು ಬಳಸುವುದು ಇದನ್ನೇ. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಹೊರದೇಶದಲ್ಲಿದ್ದ ಎಷ್ಟೋ ಕನ್ನಡಿಗರು ಕಂಪ್ಯೂಟರಿನಲ್ಲಿ ಮೊದಲು ಕನ್ನಡ ಬರೆದದ್ದು ಅದರಲ್ಲೇ.

ಆ ಕಾಲದಲ್ಲಿ ಬರೆದ ಫೈಲುಗಳನ್ನು ಈಗ ತೆರೆದರೆ ಏನಾಗುತ್ತದೆ ಗೊತ್ತಲ್ಲ? ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟು, ಚುಕ್ಕೆ, ಏನೇನೋ ಗುರುತು. ಕನ್ನಡ ಎಲ್ಲಿ ಹೋಯಿತು ಅಂತ ಗಾಬರಿಯಾಗುತ್ತದೆ. ಎಲ್ಲೂ ಹೋಗಿಲ್ಲ. ಆಗಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಇಟ್ಟಿದ್ದವು. ಆ ಫಾಂಟು ಇಲ್ಲದಿದ್ದರೆ ಮನೆಯ ಮೂಲ ಯಜಮಾನನೇ ಕಾಣಿಸಿಕೊಳ್ಳುತ್ತಾನೆ. ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಮನೆಯ ಕಂಪ್ಯೂಟರಿಗೆ ಅದು ಇಳಿಯಲು ಇನ್ನೊಂದು ದಶಕ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟು ಬಂದಾಗ ಎಷ್ಟು ಖುಷಿಪಟ್ಟಿದ್ದೆವು! ನಿಮ್ಮ ಮನೆಯಲ್ಲಿ, ಸಂಘದಲ್ಲಿ, ಊರಿನ ಪ್ರೆಸ್ಸಿನಲ್ಲಿ ಹಳೆಯ ನುಡಿ, ಬರಹ ಫೈಲುಗಳು ಇದ್ದರೆ ದಯವಿಟ್ಟು ಈಗಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ. ಬದಲಿಸುವ ಉಚಿತ ಸಾಧನಗಳಿವೆ. ಊರ ಇತಿಹಾಸ, ಹಳೆಯ ಸ್ಮರಣ ಸಂಚಿಕೆ, ತೀರಿಕೊಂಡ ಮೇಷ್ಟ್ರ ಅಚ್ಚಾಗದ ಲೇಖನ, ಎಷ್ಟೋ ಇಂಥ ಫೈಲುಗಳಲ್ಲಿ ಸಿಕ್ಕಿಕೊಂಡಿವೆ.

ಇನ್ನು ಬರೆಯುವ ಅಭ್ಯಾಸದ ಮಾತು.

ಕುಮಾರವ್ಯಾಸ ತನ್ನ ಭಾರತದ ಶುರುವಿನಲ್ಲಿ ತನ್ನ ಬಗ್ಗೆ ನಾಲ್ಕು ಹೆಮ್ಮೆಯ ಮಾತು ಹೇಳಿಕೊಳ್ಳುತ್ತಾನೆ. ಹಲಗೆ ಬಳಪ ಹಿಡಿಯುವುದಿಲ್ಲ. ಇಟ್ಟ ಪದ ಅಳಿಸುವುದಿಲ್ಲ. ಬೇರೆಯವರ ರೀತಿ ತೆಗೆದುಕೊಳ್ಳುವುದಿಲ್ಲ. ಬರೆಯತೊಡಗಿದರೆ ಓಲೆಯ ಮೇಲೆ ಕಂಠದ ಸದ್ದು ನಿಲ್ಲುವುದಿಲ್ಲ. ಕಂಠ ಅಂದರೆ ತಾಳೆಗರಿಯ ಮೇಲೆ ಕೊರೆಯುವ ಕಬ್ಬಿಣದ ಲೇಖನಿ. ಭಕ್ತಿಯಿಂದ ಓದುವವರು ಇದರಲ್ಲಿ ವೀರನಾರಾಯಣನ ಕೃಪೆ ಕಾಣುತ್ತಾರೆ, ಸರಿಯೇ. ನನಗೆ ಇದರಲ್ಲಿ ಆ ಕಾಲದ ಬರವಣಿಗೆಯ ಕೋಣೆಯೇ ಕಾಣುತ್ತದೆ. ಉಳಿದ ಕವಿಗಳು ಮೊದಲು ಹಲಗೆಯ ಮೇಲೆ ಬಳಪದಲ್ಲಿ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಇಳಿಸುತ್ತಿದ್ದರು ಅಂತಾಯಿತು, ಅಲ್ವಾ? ಕರಡು ಪ್ರತಿ ಅನ್ನುವುದು ಕಂಪ್ಯೂಟರಿನ ಕೂಸಲ್ಲ. ಓಲೆಯಲ್ಲಿ ಕೊರೆದದ್ದನ್ನು ಅಳಿಸುವುದು ಕಷ್ಟ. ಹಾಗಾಗಿ ಅಳಿಸಲು ಬೇರೆ ಸಾಧನ ಬೇಕಿತ್ತು.

ಹಳೆಯ ಕಾಲದ ಕಡತವೂ ಅಂಥದ್ದೇ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪು ಹಲಗೆಯ ಹಾಗೆ ಗಟ್ಟಿ ಮಾಡುತ್ತಿದ್ದರು. ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಬಿಳಿ ಬಳಪದಲ್ಲಿ ಬರೆಯುವುದು, ಬೇಕಾದಾಗ ಒರೆಸಿ ಮತ್ತೆ ಬರೆಯುವುದು. ವ್ಯಾಪಾರಿಗಳ ಲೆಕ್ಕ, ಮಠಗಳ ಲೆಕ್ಕ ಇವುಗಳಲ್ಲೇ ಇರುತ್ತಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಅಳಿಸಬಹುದಾದ ಸಾಧನದಲ್ಲಿ ಬರೆದದ್ದು ನೂರಾರು ವರ್ಷ ಉಳಿದಿದೆ, ಯಾಕೆಂದರೆ ಯಾರೋ ಒರೆಸದೆ ಜೋಪಾನ ಮಾಡಿದರು.

ನನ್ನ ಕ್ರಮ ಹೀಗಿದೆ. ಮೊದಲ ಪ್ರತಿ ಪೆನ್ನಿನಲ್ಲಿ, ಗೀಟು ಹಾಕಿದ ಉದ್ದ ನೋಟ್‌ಬುಕ್ಕಿನಲ್ಲಿ, ಎಡಪುಟ ಖಾಲಿ ಬಿಟ್ಟು. ತಿದ್ದುಪಡಿ ಎಡಪುಟಕ್ಕೆ. ಹೊಡೆದುಹಾಕಿದ ಪದವೂ ಕಣ್ಣಿಗೆ ಕಾಣುತ್ತಿರಬೇಕು ನನಗೆ. ಎಷ್ಟೋ ಸಲ ಮೊದಲು ಹೊಡೆದುಹಾಕಿದ್ದೇ ಸರಿ ಇರುತ್ತದೆ. ಎರಡನೆಯ ಪ್ರತಿ ಕಂಪ್ಯೂಟರಿನಲ್ಲಿ. ಅಲ್ಲಿ ಪ್ಯಾರಾ ಎತ್ತಿ ಆಚೀಚೆ ಇಡುವುದು ಸುಲಭ. ಮೂರನೆಯದು ಗಟ್ಟಿಯಾಗಿ ಓದುವುದು. ಉಸಿರು ಸಿಕ್ಕಿಕೊಂಡ ಕಡೆ ವಾಕ್ಯ ಒಡೆಯುತ್ತೇನೆ. ಇದು ನನಗೆ ಹಿಡಿಸಿದ ಕ್ರಮ ಅಷ್ಟೇ, ನಿಮಗೂ ಇದೇ ಆಗಬೇಕಿಲ್ಲ. ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಐದು ದಿನದಲ್ಲಿ ಬರೆದರು. ಕುವೆಂಪು ಅವರ ರಾಮಾಯಣಕ್ಕೆ ಒಂಬತ್ತು ವರ್ಷ ಹಿಡಿಯಿತು. ಎರಡೂ ಕನ್ನಡಕ್ಕೆ ಬೇಕಾದವೇ. ಬರೆಯುವ ವೇಗ ಅವರವರ ಸ್ವಭಾವ. ಬರೆಯುವ ಮೊದಲು ಕಾರಂತರು ಎಷ್ಟು ಊರು ಸುತ್ತಿದ್ದರು, ಎಷ್ಟು ಜನರ ಬದುಕು ನೋಡಿದ್ದರು ಅನ್ನುವುದನ್ನು ಆ ಐದು ದಿನದ ಲೆಕ್ಕಕ್ಕೆ ಸೇರಿಸಿಕೊಂಡೇ ಮಾತಾಡಬೇಕು.

ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುವುದನ್ನೂ ನಾನು ಬಳಸುತ್ತೇನೆ. ಗೂಗಲ್ 2017ರಲ್ಲಿ ಕನ್ನಡಕ್ಕೆ ಈ ಸೌಲಭ್ಯ ಕೊಟ್ಟಿತು. ನಡೆಯುವಾಗ ಹೊಳೆದದ್ದನ್ನು ಹಿಡಿದಿಡಲು ಇದು ತುಂಬಾ ಅನುಕೂಲ. ಕೀಲಿಮಣೆ ಕಲಿಯದ ನಮ್ಮ ಚಿಕ್ಕಮ್ಮ ಇದರಿಂದಲೇ ತಮ್ಮ ತವರುಮನೆಯ ಹಬ್ಬದ ಅಡುಗೆಗಳನ್ನೆಲ್ಲ ಬರೆಸಿಟ್ಟರು. ಆದರೆ ಒಂದು ಗಮನಿಸಬೇಕು. ನಮ್ಮ ಕಡೆಯ ಆಡುಮಾತು ಹೇಳಿದರೆ ಆ ಯಂತ್ರ ತನಗೆ ಗೊತ್ತಿರುವ ಮಾತಿಗೆ ತಿದ್ದಿಬಿಡುತ್ತದೆ. ಚಿಕ್ಕಮ್ಮ ಹೇಳಿದ ಪಾತ್ರೆಯ ಹೆಸರು, ಸೊಪ್ಪಿನ ಹೆಸರು ಎಷ್ಟೋ ಬೇರೇನೋ ಆಗಿದ್ದವು. ಕೂತು ಒಂದೊಂದಾಗಿ ಅವರನ್ನೇ ಕೇಳಿ ಸರಿಮಾಡಿದೆವು. ಆ ಹೊತ್ತಿನಲ್ಲಿ ಅವರು ಹೇಳಿದ ಕತೆಗಳು ಅಡುಗೆಗಿಂತ ರುಚಿಯಾಗಿದ್ದವು. ಯಂತ್ರ ಎಲ್ಲವನ್ನೂ ಸರಿಯಾಗಿ ಬರೆದಿದ್ದರೆ ನಾವು ಅವರ ಪಕ್ಕ ಹೋಗಿ ಕೂರುತ್ತಲೇ ಇರಲಿಲ್ಲ.

ಕೇಳುವ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಕೇಳುವುದು ಓದಲ್ಲ ಅನ್ನುವವರಿದ್ದಾರೆ. ಕನ್ನಡದವರು ಹಾಗೆ ಹೇಳಬಾರದು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಅಕ್ಷರ ಬಾರದವರಿಗೂ ಜೈಮಿನಿ ಭಾರತದ ಪದ್ಯ ಬಾಯಿಗೆ ಬರುತ್ತಿತ್ತು. ಶ್ರಾವಣದಲ್ಲಿ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕೂತು ಕೇಳುವುದು. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿ ಇವತ್ತಿಗೂ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಗಮಕಿ ಪದ್ಯ ಓದಿ ನಿಲ್ಲಿಸುತ್ತಾರೆ. ವ್ಯಾಖ್ಯಾನಕಾರರು ಪದ ಬಿಡಿಸುತ್ತಾರೆ. ಆ ನಿಲುಗಡೆ ಇದೆಯಲ್ಲ, ಅಲ್ಲೇ ಕೇಳುವವರ ತಲೆ ಕೆಲಸ ಮಾಡುವುದು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಕಾದಂಬರಿ ಕೇಳಿದರೆ ಆ ನಿಲುಗಡೆಗೆ ಜಾಗವೇ ಇರುವುದಿಲ್ಲ. ಕೇಳಿ, ಖಂಡಿತ ಕೇಳಿ. ವೇಗದ ಗುಂಡಿ ಒತ್ತಬೇಡಿ. ಒಂದು ಅಧ್ಯಾಯ ಮುಗಿದ ಮೇಲೆ ನಿಲ್ಲಿಸಿ, ಮನೆಯವರ ಜೊತೆ ಅದರ ಬಗ್ಗೆ ಎರಡು ಮಾತಾಡಿ.

ಹತ್ತು ನಿಮಿಷದಲ್ಲಿ ಕಾದಂಬರಿಯ ಸಾರಾಂಶ ಹೇಳುವ ವಿಡಿಯೋಗಳು, ಕೇಳಿದ ತಕ್ಷಣ ಪುಸ್ತಕವನ್ನು ಐದು ಸಾಲಿಗೆ ಇಳಿಸುವ ಯಂತ್ರಗಳು ಬಂದಿವೆ. ಈ ಪುಸ್ತಕ ನನಗೆ ಬೇಕಾ ಬೇಡವಾ ಅಂತ ತಿಳಿಯಲು ಅವು ಸಾಕು. ಅದು ಹುಡುಕಾಟದ ಭಾಗ. ಅದನ್ನು ಓದು ಅಂತ ಎಣಿಸಿಕೊಳ್ಳಬೇಡಿ ಅಂತ ಮಕ್ಕಳಿಗೆ ವಿಶೇಷವಾಗಿ ಕೇಳಿಕೊಳ್ಳುತ್ತೇನೆ.

ಕೊನೆಗೆ ಈ ಗ್ರಂಥಾಲಯದ ವಿಷಯ. ನಾವು ಊರಿನಲ್ಲಿ ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಶೇಕಡ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ, ಇರುತ್ತದೆ. ಈ ಕಪಾಟಿನ ಪುಸ್ತಕಗಳಲ್ಲಿ ನಮ್ಮ ದುಡ್ಡೂ ಇದೆ, ಬಂದು ಬಳಸುವುದು ನಮ್ಮ ಹಕ್ಕು. ಹಳ್ಳಿಗಳ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯಿತಿಗಳಿಗೆ ವಹಿಸಿದರು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಎಷ್ಟೋ ಕಡೆ ಈಗ ಕಂಪ್ಯೂಟರೂ ಇದೆ. ನಮ್ಮಲ್ಲೂ ಆ ಮೂಲೆಯಲ್ಲಿ ಬಂದು ಕೂತಿವೆ. ಅರ್ಜಿ ತುಂಬಲು, ಫಲಿತಾಂಶ ನೋಡಲು ಬಳಸುತ್ತಿದ್ದೇವೆ. ಅದೂ ಬೇಕು. ಜೊತೆಗೆ ಇನ್ನೊಂದು ಕೆಲಸ ಮಾಡೋಣ ಅಂತ ಗ್ರಂಥಪಾಲಕರ ಹತ್ತಿರ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ.

ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಮೇಲೆ ಅವರ ಬರಹ ಎಲ್ಲರ ಸ್ವತ್ತಾಗುತ್ತದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅಂದರೆ 2025ರ ಜನವರಿಯಿಂದ ಅವರ ಬರಹವನ್ನು ಯಾರು ಬೇಕಾದರೂ ಅಚ್ಚು ಮಾಡಬಹುದು, ಅಂತರಜಾಲಕ್ಕೆ ಏರಿಸಬಹುದು. ಪಂಜೆ, ಗಳಗನಾಥ, ಬಿಎಂಶ್ರೀ ಇವರದೆಲ್ಲ ಮೊದಲೇ ಮುಕ್ತವಾಗಿದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರ ಪುಸ್ತಕ ಮನೆಮನೆಗೆ ಮುಟ್ಟಿಸಲು ನಮಗೆ ಅಷ್ಟು ನಡೆಯುವ ಕಷ್ಟವೂ ಇಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಸೇರೋಣ. ಒಂದು ಹಳೆಯ ಪುಸ್ತಕ ಆರಿಸಿಕೊಂಡು ಪುಟ ಹಂಚಿಕೊಳ್ಳೋಣ. ಟೈಪಿಂಗ್ ಬರುವವರು ತಿದ್ದಲಿ. ಬಾರದವರು ಪಕ್ಕದಲ್ಲಿ ಕೂತು ಪುಟ ನೋಡಿ ಗಟ್ಟಿಯಾಗಿ ಓದಿ ಹೇಳಲಿ. ಹಳೆಯ ಪದಕ್ಕೆ ಅರ್ಥ ಗೊತ್ತಿರುವ ಹಿರಿಯರು ದಯವಿಟ್ಟು ಬನ್ನಿ, ನೀವಿಲ್ಲದೆ ಈ ಕೆಲಸ ಆಗುವುದಿಲ್ಲ. ಹೈಸ್ಕೂಲ್ ಮಕ್ಕಳಿಗೆ ನುಡಿ ಕೀಲಿಮಣೆ ನಾನು ಕಲಿಸುತ್ತೇನೆ. ಹೆಸರು ಬರೆಯಲು ಗ್ರಂಥಪಾಲಕರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಪುಸ್ತಕ ಇದ್ದರೆ ಅದನ್ನೂ ತನ್ನಿ. ಸ್ಕ್ಯಾನ್ ಮಾಡಿ ಹಾಗೇ ವಾಪಸ್ ಕೊಡುತ್ತೇವೆ.